ಶನಿವಾರದ ಬಿಯರು, ಭಾನುವಾರದ ಎದೆ

ಹೆನಾರೆಯನ್ನು ಯಾರಾದರೂ ಕುಡುಕ ಅಂದಿದ್ದರೆ ಮೊದಲು ಜಗಳಕ್ಕೆ ನಿಲ್ಲುತ್ತಿದ್ದವಳು ಅವನ ಹೆಂಡತಿ ರಾಹೇರಾ. ಮರುದಿನ ಕೆಲಸವಿದ್ದರೆ ಅವನ ಹೊಟ್ಟೆಗೆ ಹೋಗುತ್ತಿದ್ದದ್ದು ಚಹಾ, ನೀರು, ಅವಳು ಮಾಡಿ ಹಾಕಿದ ಊಟ, ಅಷ್ಟೇ. ಕುರಿಯ ತುಪ್ಪಟ ಕತ್ತರಿಸುವ ಕಸುಬೇ ಹಾಗೆ. ನಸುಕಿಗೆ ವ್ಯಾನು ಹತ್ತಬೇಕು, ಬೆಳಕು ಹರಿಯುವ ಹೊತ್ತಿಗೆ ಯಾವುದೋ ಗುಡ್ಡದ ಮೇಲಿನ ಶೆಡ್ಡಿನಲ್ಲಿ ಸೊಂಟ ಬಗ್ಗಿಸಿ ನಿಂತಿರಬೇಕು, ಸಂಜೆಯವರೆಗೆ ನೆಟ್ಟಗಾಗುವಂತಿಲ್ಲ. ಹಿಂದಿನ ದಿನ ಕುಡಿದವನ ಕೈ ನಡುಗುತ್ತದೆ, ನಡುಗಿದ ಕೈ ಕುರಿಯ ಚರ್ಮಕ್ಕೆ ಗಾಯ ಮಾಡುತ್ತದೆ. ಹೆನಾರೆಯ ಕೈ ನಡುಗಿದ್ದನ್ನು ಕಂಡವರಿಲ್ಲ. ತೆ ಕೂಯಿತಿ ಊರಿನ ಸುತ್ತಲಿನ ರೈತರು ತಮ್ಮ ಒಳ್ಳೆಯ ಕುರಿಗಳನ್ನು ಅವನ ಕೈಗೇ ಕೊಡಬೇಕೆಂದು ಕೇಳಿಕೊಳ್ಳುತ್ತಿದ್ದರು.

ಗಂಡಹೆಂಡಿರ ಪರಿಚಯವಾದದ್ದೂ ಶೆಡ್ಡಿನಲ್ಲೇ. ಆಗ ರಾಹೇರಾ, ಕತ್ತರಿಸಿ ಬಿದ್ದ ತುಪ್ಪಟವನ್ನು ಬಾಚಿಕೊಂಡು ಹೋಗಿ ಮೇಜಿನ ಮೇಲೆ ಕಂಬಳಿಯಂತೆ ಬೀಸಿ ಹರಡುವ ಕೆಲಸದಲ್ಲಿದ್ದಳು. ಹೊಸ ಹುಡುಗಿಯನ್ನು ಸ್ವಲ್ಪ ಓಡಿಸಿ ನೋಡೋಣ ಎಂದು ಹೆನಾರೆ ಬೇಕೆಂದೇ ವೇಗ ಹೆಚ್ಚಿಸಿದ. ಅವಳ ಬೆನ್ನೆಲ್ಲ ಬೆವರಿನಲ್ಲಿ ತೊಯ್ದು ಹೋಯಿತು, ಆದರೆ ಅವನ ಕಾಲಬುಡದಲ್ಲಿ ಒಂದು ತುಪ್ಪಟವೂ ಬಿದ್ದು ಉಳಿಯಲಿಲ್ಲ. ಹತ್ತು ಗಂಟೆಯ ಚಹಾಕ್ಕೆ ಕೂತಾಗ ಅವಳು ಅವನ ಪಕ್ಕ ಬಂದು ನಿಂತು, "ಇಷ್ಟೇನಾ ನಿನ್ನ ಕೈಲಾಗೋದು?" ಅಂದಳು. ಆ ಮಾತಿಗೆ ಅವನು ಬಿದ್ದವನು ಮತ್ತೆ ಏಳಲಿಲ್ಲ ಎಂದು ಅವನ ಗೆಳೆಯ ಟುಕಿ ಇಂದಿಗೂ ಹೇಳುತ್ತಾನೆ. ಟುಕಿ ಶೆಡ್ಡಿನಲ್ಲಿ ಹೆನಾರೆಯ ಪಕ್ಕದ ಜಾಗದಲ್ಲೇ ನಿಂತು ಕತ್ತರಿಸುತ್ತಾ ತಲೆ ನರೆಸಿಕೊಂಡವನು.

ಈಗ ಮಕ್ಕಳು ಅವರವರ ಸಂಸಾರ ನೋಡಿಕೊಂಡಿದ್ದರು. ಬೆನ್ನು ಸಹಕರಿಸದೆ ರಾಹೇರಾ ತುಪ್ಪಟ ಬಿಟ್ಟು ಅದೇ ತಂಡಕ್ಕೆ ಅಡುಗೆಯವಳಾಗಿದ್ದಳು. ತಂಡದ ಮೇಸ್ತ್ರಿ ಬೆವ್ ಎಂಬ ಹೆಂಗಸು. ಗಂಡ ಸತ್ತಮೇಲೆ ವ್ಯಾನು, ಯಂತ್ರ, ಗಂಡಾಳುಗಳನ್ನೆಲ್ಲ ಒಬ್ಬಳೇ ಹತೋಟಿಯಲ್ಲಿಟ್ಟುಕೊಂಡಿದ್ದ ಗಟ್ಟಿಗಿತ್ತಿ. ಅವಳಿಗೆ ಎದುರು ಮಾತಾಡುವ ಧೈರ್ಯ ಇದ್ದದ್ದು ರಾಹೇರಾಗೆ ಮಾತ್ರ, ಯಾಕೆಂದರೆ ಅನ್ನದ ಸೌಟು ಅವಳ ಕೈಯಲ್ಲಿತ್ತು.

ಕುಡಿತವೆಲ್ಲ ಶನಿವಾರದ್ದು. ವಾರದ ಕೊನೆಯ ಕುರಿ ಬೋಳುಮೈಯಲ್ಲಿ ಹಲಗೆಯಿಂದ ಜಾರಿ ಹೊರಗಿನ ದೊಡ್ಡಿಗೆ ಇಳಿದ ಕೂಡಲೇ ಯಂತ್ರಗಳು ನಿಲ್ಲುತ್ತಿದ್ದವು, ಬಿಯರಿನ ಕ್ರೇಟುಗಳು ಬರುತ್ತಿದ್ದವು. ಬೆವರು ಹರಿಸಿ ಒಣಗಿದ ಮೈಗೆ, ಬರಿ ಹೊಟ್ಟೆಗೆ, ಮೊದಲ ಬಾಟಲಿ ಗಂಟಲಿಗೆ ತಾಗದೆ ಇಳಿಯುತ್ತಿತ್ತು. ಊಟದ ನೆನಪು ಯಾರಿಗೂ ಇರುತ್ತಿರಲಿಲ್ಲ, ರಾಹೇರಾಳ ಹುರಿದ ಮಾಂಸ ತಟ್ಟೆಯಲ್ಲಿ ತಣ್ಣಗಾಗುತ್ತಿತ್ತು. ಕತ್ತಲಾಗುವ ಹೊತ್ತಿಗೆ ಹೆನಾರೆ ಗಿಟಾರು ಎತ್ತಿಕೊಳ್ಳುತ್ತಿದ್ದ. ಬಾಯಿ ಬಿಟ್ಟರೆ ಗುಡ್ಡದಾಚೆಗೂ ಕೇಳುವ ದನಿ. ಹೆಂಗಸರ ಅಣಕು ಮಾಡುತ್ತಿದ್ದ, ಮೇಸ್ತ್ರಿಯನ್ನೇ ಎಳೆದು ಕುಣಿಸುತ್ತಿದ್ದ. ಅವನಿಲ್ಲದ ಶನಿವಾರ ಸಪ್ಪೆ ಎಂದು ಎಲ್ಲರೂ ಅನ್ನುವವರೇ.

ಹೀಗೆ ವಾರವೆಲ್ಲ ಒಣಗಿ ಒಂದು ದಿನ ನೆನೆಯುವುದನ್ನು ಹೆನಾರೆ ಕುಡಿತವೆಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವನ ಕಣ್ಣಿಗೆ ಕುಡುಕ ಎಂದರೆ ಪಕ್ಕದ ಜಮೀನಿನ ಲೆನ್. ಎಂಬತ್ತು ದಾಟಿದ ಆ ಮುದುಕ ದಿನಾ ಸಂಜೆ ಊಟದ ಜೊತೆ ಒಂದು ಸಣ್ಣ ಗ್ಲಾಸು ವಿಸ್ಕಿ ತೆಗೆದುಕೊಳ್ಳುತ್ತಿದ್ದ. "ಪಾಪ, ಒಂದು ದಿನ ಬಿಟ್ಟಿರೋಕಾಗಲ್ಲ ಅವನಿಗೆ," ಎಂದು ಹೆನಾರೆ ನಿಜವಾಗಿ ಮರುಗುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಮನೆಯ ಮುಂದಿನ ಜಗಲಿಯಲ್ಲಿ ಹಳೇ ಸೋಫಾದ ಮೇಲೆ ಕೂತಿದ್ದರು. ಹಿಂದಿನ ದಿನ ದೊಡ್ಡ ಶೆಡ್ಡೊಂದು ಮುಗಿದಿತ್ತು. ಹೆನಾರೆಯ ಮುಖ ಹಿಟ್ಟಿನ ಹಾಗೆ ಬೆಳ್ಳಗಿತ್ತು. ಶನಿವಾರದ ಮರುದಿನ ಯಾವಾಗಲೂ ಹಾಗೇ ಇರುತ್ತಿದ್ದರಿಂದ ರಾಹೇರಾ ತಲೆ ಕೆಡಿಸಿಕೊಳ್ಳಲಿಲ್ಲ. ಬಿಸಿಲು ಹಿತವಾಗಿತ್ತು, ಅವಳು ಸುಮ್ಮನೆ ಅವನ ಎದೆಗೆ ತಲೆಯೊರಗಿಸಿದಳು. ಒರಗಿಸಿದವಳಿಗೆ ಒಳಗಿನ ಸದ್ದು ಕೇಳಿತು. ಬಡಿತಕ್ಕೆ ತಾಳವೇ ಇರಲಿಲ್ಲ. ಒಂದಿಷ್ಟು ದಡಬಡ ಓಡಿ, ನಿಂತು, ಏನೋ ಮರೆತಂತೆ ತಡೆದು, ಮತ್ತೆ ಓಡುತ್ತಿತ್ತು. ಇಕ್ಕಟ್ಟಾದ ದೊಡ್ಡಿಯಲ್ಲಿ ನಾಯಿ ಕಂಡ ಕುರಿಗಳು ಹೀಗೇ ಹಲಗೆಗೆ ಒದೆಯುತ್ತವೆ.

ಅವಳು ತಲೆಯೆತ್ತಿ ಏನಿದು ಎಂದು ಕೇಳಿದಳು. ಅವನು ಅದೇನೂ ಇಲ್ಲ, ಭಾನುವಾರ ಸ್ವಲ್ಪ ಹಾಗೆ ಆಗುತ್ತದೆ, ಸೋಮವಾರ ಕುರಿ ಹಿಡಿಯುವ ಹೊತ್ತಿಗೆ ಸರಿಹೋಗಿರುತ್ತದೆ ಎಂದ. ಎಷ್ಟು ದಿನದಿಂದ ಎಂದರೆ, ಆಕಾಶ ನೋಡಿಕೊಂಡು, ಹಿಂದಿನ ಚಳಿಗಾಲದಿಂದ ಇರಬೇಕು ಎಂದ. ರಾಹೇರಾ ಎದ್ದಳು. ಒಳಗೆ ಹೋಗಿ ಕಾರಿನ ಕೀ ತಂದು ಅವನ ಮುಂದೆ ನಿಂತಳು.

"ಭಾನುವಾರ ಯಾವ ಡಾಕ್ಟ್ರು ಇರ್ತಾರೆ? ನಾಳೆ ನೋಡೋಣ ಬಿಡೆ," ಅಂದ ಹೆನಾರೆ.

"ನಾಳೆ ಅದು ಸರಿಹೋಗಿರತ್ತೆ ಅಂತ ನೀನೇ ಅಂದ್ಯಲ್ಲ. ಕಳ್ಳನ್ನ ಕದಿಯೋವಾಗ್ಲೇ ಹಿಡೀಬೇಕು. ಏಳು."

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ನೋಡಿದರು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುತ್ತಿವೆ, ರಕ್ತದೊತ್ತಡವೂ ಮೇಲೇರಿದೆ ಎಂದು ಡಾಕ್ಟರು ಹೇಳಿದರು. ರಾತ್ರಿ ಅಲ್ಲೇ ಇಟ್ಟುಕೊಂಡರು. ಮರುದಿನ ಬಡಿತ ತಾನಾಗಿ ದಾರಿಗೆ ಬಂತು. ಅಲ್ಲಿ ನರ್ಸಾಗಿದ್ದ ಮೀರಿಯಮಾ ರಾಹೇರಾಳ ಅಕ್ಕನ ಮಗಳು. ಡಾಕ್ಟರು ಹೇಳಿದ್ದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಲು ಅವಳು ಮಂಚದ ತುದಿಗೆ ಬಂದು ಕೂತಳು. ಹೆನಾರೆ ತನ್ನ ವಾದವನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದ.

"ನಾನು ವಾರಕ್ಕೊಂದು ಸಲ ಕುಡಿಯೋನಮ್ಮ. ಅದನ್ನ ಏಳು ದಿನಕ್ಕೆ ಹಂಚಿ ನೋಡು, ದಿನಕ್ಕೆ ಎಷ್ಟು ಬರತ್ತೆ? ಆ ಲೆನ್ ಮುದುಕ ದಿನಾ ಕುಡೀತಾನೆ. ಅವನ ಎದೆ ಗುಂಡುಕಲ್ಲಿನ ಹಾಗಿದೆ."

"ಚಿಕ್ಕಪ್ಪ, ವಾರದ ಕುರಿನೆಲ್ಲ ಶನಿವಾರ ಒಂದೇ ದಿನ ಕತ್ತರಿಸು ಅಂದ್ರೆ ಕತ್ತರಿಸ್ತೀಯಾ?"

"ಆಗೋ ಮಾತಾ ಅದು? ಸೊಂಟ ಮುರ್ದು ಹೋಗತ್ತೆ."

"ಏಳು ದಿನಕ್ಕೆ ಹಂಚಿಕೋ ಅಂತ ಸೊಂಟಕ್ಕೆ ಹೇಳು."

ರಾಹೇರಾ ಕಿಟಕಿಯ ಕಡೆ ಮುಖ ತಿರುಗಿಸಿ ನಗು ನುಂಗಿಕೊಂಡಳು. ಮೀರಿಯಮಾ ನಗಲಿಲ್ಲ. ಒಟ್ಟು ಎಷ್ಟು ಕುಡಿದೆ ಎನ್ನುವುದರಷ್ಟೇ, ಅದನ್ನು ಹೇಗೆ ಕುಡಿದೆ ಎನ್ನುವುದೂ ಹೃದಯಕ್ಕೆ ಮುಖ್ಯ ಎಂದು ಹೇಳಿದಳು. ಒಂದೇ ಸಂಜೆ ಅಷ್ಟನ್ನೂ ಸುರಿದರೆ ರಕ್ತದೊತ್ತಡ ಏರುತ್ತದೆ, ಬಡಿತದ ತಾಳ ಕೆಡುತ್ತದೆ. ತಾಳ ಕೆಟ್ಟ ಹೃದಯದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿದರೆ ಆ ಹೆಪ್ಪು ಮಿದುಳಿಗೆ ಹೋಗಬಹುದು, ಆಗ ಕೈಕಾಲು ಬೀಳುತ್ತದೆ. ಹಾಗಾದರೆ ಲೆನ್ ಮುದುಕನ ಹಾಗೆ ದಿನಾ ಒಂದು ಗ್ಲಾಸು ಇಟ್ಟುಕೊಂಡರೆ ಒಳ್ಳೆಯದೇ ಎಂದು ಹೆನಾರೆ ಆಸೆಯಿಂದ ಕೇಳಿದ. ಲೆನ್ ಅಜ್ಜ ದಿನಾ ಗುಡ್ಡ ಹತ್ತಿ ಇಳಿಯುತ್ತಾನೆ, ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ, ಕೆಲಸ ಕಾಲಿನದು, ಹೆಸರು ಗ್ಲಾಸಿಗೆ ಎಂದಳು ಅವಳು. ಎದೆ ಒಳ್ಳೆಯದಾಗಲಿ ಎಂದು ಕುಡಿಯಲು ಶುರು ಮಾಡು ಎಂದು ಈಗ ಯಾವ ಡಾಕ್ಟರೂ ಹೇಳುವುದಿಲ್ಲ. ಅದರಲ್ಲೂ ಚಿಕ್ಕಪ್ಪನ ಹೃದಯ ಒಮ್ಮೆ ದಾರಿ ತಪ್ಪಿದೆ, ಅವನ ಮಟ್ಟಿಗೆ ಪೂರ್ತಿ ಬಿಡುವುದೇ ಒಳ್ಳೆಯದು ಎಂದಳು.

ಹೆನಾರೆ ಬಿಟ್ಟ. ಬಿಟ್ಟ ಎಂದರೆ ಎಲ್ಲರೂ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಬಿಟ್ಟ, ವಾರದಲ್ಲಿ ಆರು ದಿನ ಬಿಟ್ಟೇ ರೂಢಿಯಿತ್ತಲ್ಲ. ಕಷ್ಟವಾದದ್ದು ಶನಿವಾರ. ಮೊದಲ ಶನಿವಾರ ಅವನು ಲಿಂಬೆ ಹಿಂಡಿದ ನೀರಿನ ಗ್ಲಾಸು ಹಿಡಿದು ಎಲ್ಲರ ನಡುವೆ ಕೂತ. ಟುಕಿ ಎದ್ದು ನಿಂತು, "ಪಾದ್ರಿಗಳು ಬಂದಿದಾರೆ, ಎಲ್ರೂ ಬಾಯಿ ಒರಸ್ಕೊಳ್ಳಿ," ಎಂದು ಕೈಮುಗಿದ. ಎಲ್ಲರೂ ನಕ್ಕರು, ಹೆನಾರೆಯೂ ನಕ್ಕ. ಹಾಡು ಶುರುವಾಯಿತು. ಆಗ ಅವನಿಗೊಂದು ವಿಷಯ ತಿಳಿಯಿತು. ಅಷ್ಟು ವರ್ಷ ಹಾಡಿಕೊಂಡು ಬಂದ ಹಾಡುಗಳ ಎರಡನೇ ಚರಣ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೊದಲ ಚರಣವನ್ನೇ ತಿರುಗಿಸಿ ತಿರುಗಿಸಿ, ಪ್ರತಿ ಸಲ ಇನ್ನಷ್ಟು ಗಟ್ಟಿಯಾಗಿ ಹಾಡುತ್ತಿದ್ದರು.

ಗಿಟಾರು ಅವನ ಕೈಗೆ ಬಂತು. ಅವನು ತಂತಿ ಸರಿಮಾಡಿದ, ಮತ್ತೆ ಸರಿಮಾಡಿದ, ಪಕ್ಕದವನಿಗೆ ದಾಟಿಸಿ ಎದ್ದುಹೋದ. ರಾಹೇರಾ ಹಿಂಭಾಗದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಂದವನೇ ಬಟ್ಟೆ ತೆಗೆದುಕೊಂಡು ತಟ್ಟೆ ಒರೆಸತೊಡಗಿದ. ಹಾಗೆ ಅವನು ಎಂದೂ ಮಾಡಿದವನಲ್ಲ. ಮೈಗೆ ಸರಿಯಿಲ್ಲವೇ ಎಂದು ಕೇಳಿದಳು.

"ಮೈಗೇನಾಗಿಲ್ಲ. ಅಷ್ಟು ಜನದ ಮುಂದೆ ಹಾಡೋಕೆ ನಾಚಿಕೆ ಆಗತ್ತೆ ಕಣೆ."

ರಾಹೇರಾಗೆ ಮೊದಲು ನಗು ಬಂತು. ಅವನ ಮುಖ ನೋಡಿದಳು, ನಗು ಅಲ್ಲೇ ನಿಂತಿತು. ಮೇಸ್ತ್ರಿಯನ್ನು ಕುಣಿಸುತ್ತಿದ್ದ, ಮದುವೆಮನೆಗಳಲ್ಲಿ ಮೇಜು ಹತ್ತಿ ಭಾಷಣ ಮಾಡುತ್ತಿದ್ದ ಈ ಮನುಷ್ಯ ನಾಚಿಕೆಯವನು. ಮೂರು ಮಕ್ಕಳನ್ನು ಹೆತ್ತು, ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಅವಳಿಗದು ಗೊತ್ತೇ ಇರಲಿಲ್ಲ. ಜನರ ಎದುರಿಗೆ ಬರಬೇಕಾದಾಗಲೆಲ್ಲ ಅವನು ಬಿಯರನ್ನು ಮುಂದೆ ಬಿಟ್ಟುಕೊಂಡು ಅದರ ಹಿಂದೆ ಬರುತ್ತಿದ್ದ. ಅವಳಿಗೆ ಒಂದು ಅನುಮಾನ ಹುಟ್ಟಿತು. ಕೇಳಿಬಿಡುವುದೇ ಮೇಲೆನ್ನಿಸಿತು.

"ಹಾಗಾದ್ರೆ ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದೂ ಕುಡಿದೇನಾ?"

"ಇಲ್ಲಪ್ಪ," ಅಂದ ಹೆನಾರೆ, ತಟ್ಟೆಯಿಂದ ಕಣ್ಣೆತ್ತದೆ. "ಅದನ್ನ ಕುಡೀದೇ ಕೇಳ್ಬೇಕು ಅಂತಿದ್ದೆ. ಅದಕ್ಕೇ ಒಂದು ವರ್ಷ ತಡ ಆಯ್ತು."

ರಾಹೇರಾ ಸೋಪಿನ ಕೈಯನ್ನು ಅವನ ಕೆನ್ನೆಗೆ ಒರೆಸಿದಳು. ಆ ರಾತ್ರಿಯೆಲ್ಲ ಅವಳಿಗೆ ಹಗುರವೆನ್ನಿಸಿತು, ಹೊಸದಾಗಿ ಯಾರನ್ನೋ ನೋಡಲು ಹೋಗುವವಳ ಹಾಗೆ.

ಟುಕಿಗೆ ಮಾತ್ರ ಇದು ಹಿಡಿಸಲಿಲ್ಲ. ಮೊದಮೊದಲು ಚುಡಾಯಿಸಿದ, ಆಮೇಲೆ ಮುಖ ಊದಿಸಿಕೊಂಡ. ಪಕ್ಕಪಕ್ಕದಲ್ಲಿ ಬಗ್ಗಿ ನಿಂತು ದಿನವಿಡೀ ಕತ್ತರಿಸುತ್ತಿದ್ದರೂ ಮಾತು ಕಡಿಮೆಯಾಯಿತು. ಹೆನಾರೆ ನೀರು ಕುಡಿಯುತ್ತಾ ಎದುರಿಗೆ ಕೂತರೆ ತನ್ನ ಬಾಟಲಿಯನ್ನು ಯಾರೋ ಎಣಿಸುತ್ತಿದ್ದಂತೆ ಅನ್ನಿಸುತ್ತದೆ ಎಂದು ಅವನು ಬೆವ್‌ಳ ಹತ್ತಿರ ದೂರಿದನಂತೆ. ಹೆನಾರೆ ಎಣಿಸುತ್ತಿರಲಿಲ್ಲ. ಗೆಳೆಯ ದೂರವಾಗುತ್ತಿದ್ದಾನಲ್ಲ ಎಂಬ ಕೊರಗು ಮಾತ್ರ ಅವನನ್ನು ಒಳಗೊಳಗೇ ತಿನ್ನುತ್ತಿತ್ತು, ರಾಹೇರಾಗೆ ಅದು ಕಾಣುತ್ತಿತ್ತು.

ಅಷ್ಟರಲ್ಲಿ ಟುಕಿಯ ಮಗಳು ಹಿನೆಗೆ ಇಪ್ಪತ್ತೊಂದು ತುಂಬಿತು. ಇಪ್ಪತ್ತೊಂದೆಂದರೆ ಅಲ್ಲಿ ವಯಸ್ಸಿಗೆ ಬಂದ ಲೆಕ್ಕ, ಸಣ್ಣ ಸಂಭ್ರಮವಲ್ಲ. ಕುಲದವರೆಲ್ಲ ಕೂಡುವ ಜಾಗವಾದ ಮರಾಎಯ ಸಭಾಮನೆಗೆ ನೆಂಟರೆಲ್ಲ ಸೇರಿದರು, ನೆಲದೊಲೆ ತೋಡಿ ಕಾದ ಕಲ್ಲಿನ ಮೇಲೆ ಹಂದಿಮಾಂಸ, ಕುಮಾರಾ ಗೆಣಸು ಬೇಯಿಸಿದರು. ಊಟಕ್ಕೆ ಮುಂಚೆಯೇ ಗಜದ ಗ್ಲಾಸು ಹೊರಬಂತು. ಗಜದುದ್ದದ ಗಾಜಿನ ಕೊಳವೆ, ಕೆಳಗೆ ಗುಂಡನೆಯ ಬುಡ, ತುಂಬ ಬಿಯರು. ವಯಸ್ಸು ತುಂಬಿದವರು ಅದನ್ನು ಬಾಯಿಂದ ಇಳಿಸದೆ ಖಾಲಿ ಮಾಡಬೇಕು. ಅದಕ್ಕೆ ಮೊದಲು ಹಿರಿಯನೊಬ್ಬ ಕುಡಿದು ತೋರಿಸಬೇಕು. ಆ ಕಡೆಯ ಮನೆಗಳಲ್ಲಿ ಆ ಹಿರಿಯ ಎಂದರೆ ಹೆನಾರೆಯೇ.

ಟುಕಿ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಅವನ ಮುಖದಲ್ಲಿ ಹಾಸ್ಯವಿರಲಿಲ್ಲ. "ನನ್ನ ಮಗಳಿಗೋಸ್ಕರ ಅಣ್ಣ. ಇವತ್ತೊಂದು ದಿನ," ಅಂದ. ಎಲ್ಲರೂ ನೋಡುತ್ತಿದ್ದರು. ರಾಹೇರಾ ಊಟದ ಸಾಲಿನ ಆಚೆ ತುದಿಯಲ್ಲಿ, ಕೈಯಲ್ಲಿ ದೊಡ್ಡ ತಟ್ಟೆ ಹಿಡಿದು ನಿಂತಿದ್ದಳು. ಬೇಡ ಎಂದು ಅಷ್ಟು ಜನದ ಎದುರು ಹೇಳಲು ಹೆನಾರೆಗೆ ಬಾಯಿ ಬರಲಿಲ್ಲ. ನಾಚಿಕೆಯ ಮನುಷ್ಯನಿಗೆ ಕುಡಿಯುವುದು ಮಾತಾಡುವುದಕ್ಕಿಂತ ಸುಲಭವಾಗಿತ್ತು. ಅವನು ಕೊಳವೆ ಎತ್ತಿ ಒಂದು ತೊಟ್ಟು ಚೆಲ್ಲದೆ ಮುಗಿಸಿದ. ಸಭಾಮನೆ ಅದುರಿತು. ಒಂದು ಆದಮೇಲೆ ಇನ್ನುಳಿದವನ್ನು ತಡೆಯುವವರು ಯಾರು? ಹಾಡೂ ಬಂತು, ಕುಣಿತವೂ ಬಂತು. ಟುಕಿ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಅತ್ತ.

ಮರುದಿನ ಬೆಳಗ್ಗೆ ಹೆನಾರೆ ಬಚ್ಚಲಮನೆಯ ಬಾಗಿಲಲ್ಲಿ ಕುಸಿದ. ಈ ಸಲ ಎದೆ ತಾನಾಗಿ ದಾರಿಗೆ ಬರಲಿಲ್ಲ. ಹೆಪ್ಪಿಲ್ಲವೆಂದು ಖಚಿತ ಮಾಡಿಕೊಂಡು, ಮಂಪರು ಬರಿಸಿ, ವಿದ್ಯುತ್ತಿನ ಏಟು ಕೊಟ್ಟು ಬಡಿತವನ್ನು ಸರಿದಾರಿಗೆ ತಂದರು. ಹೊರಗಿನ ಬೆಂಚಿನಲ್ಲಿ ಕೂತ ರಾಹೇರಾಗೆ ಬೈಯುವುದಕ್ಕೂ ಪ್ರಾರ್ಥಿಸುವುದಕ್ಕೂ ಒಂದೇ ಉಸಿರು ಸಾಕಾಯಿತು. ಅವನನ್ನು ಬೈದಳು, ಟುಕಿಯನ್ನು ಬೈದಳು, ಸಾಲಿನ ತುದಿಯಲ್ಲಿ ತಟ್ಟೆ ಹಿಡಿದು ಸುಮ್ಮನೆ ನಿಂತ ತನ್ನನ್ನೂ ಬೈದುಕೊಂಡಳು.

ಸಂಜೆ ಟುಕಿ ಆಸ್ಪತ್ರೆಗೆ ಬಂದ. ಕೈಯಲ್ಲಿ ಪಾತ್ರೆ, ಅದರಲ್ಲಿ ಹಂದಿಮೂಳೆ ಮತ್ತು ಸೊಪ್ಪಿನ ಸಾರು. ಬಾಗಿಲಲ್ಲಿ ರಾಹೇರಾಳನ್ನು ನೋಡಿ ನಿಂತುಬಿಟ್ಟ. "ಅತ್ತಿಗೆ, ಹೊಡೀಬೇಕಾದ್ರೆ ಇಲ್ಲೇ ಹೊಡ್ದುಬಿಡು. ಒಳಗೆ ಬೇಡ," ಅಂದ. ಅವಳು ಪಾತ್ರೆ ಇಸಿದುಕೊಂಡು ದಾರಿ ಬಿಟ್ಟಳು. ಟುಕಿ ಮಂಚದ ಪಕ್ಕ ಕೂತು ತನ್ನ ಟೋಪಿಯನ್ನೇ ತಿರುಗಿಸುತ್ತಾ ಕಣ್ಣೊರೆಸಿಕೊಂಡ.

ಕೊನೆಗೆ ಹೆನಾರೆಯೇ ಹೇಳಿದ: "ಗ್ಲಾಸು ನಿಂದು, ಬಾಯಿ ನಂದೇ ಅಲ್ವೇನೋ. ಅಳಬೇಡ, ನಿನ್ನ ಮುಖ ಮೊದಲೇ ಚೆನ್ನಾಗಿಲ್ಲ."

ಆ ಹೊತ್ತಿಗೆ ಬಂದ ಮೀರಿಯಮಾ, ಟುಕಿಯ ಕೆಂಪೇರಿದ ಮುಖ ನೋಡಿ ಕೇಳದೆ ಅವನ ತೋಳಿಗೇ ಪಟ್ಟಿ ಸುತ್ತಿದಳು. ಗಾಳಿ ತುಂಬಿ, ಇಳಿಸಿ, ಮತ್ತೆ ತುಂಬಿದಳು. ಟುಕಿಯ ರಕ್ತದೊತ್ತಡ ಮಲಗಿದವನದ್ದಕ್ಕಿಂತ ಹೆಚ್ಚಿತ್ತು. ಅವನೂ ಶನಿವಾರದ ಮನುಷ್ಯನೇ ಅಲ್ಲವೇ. ನಾಳೆ ಡಾಕ್ಟರನ್ನು ನೋಡದೆ ಶೆಡ್ಡಿಗೆ ಹೋದರೆ ಬೆವ್‌ಗೆ ಹೇಳುತ್ತೇನೆ ಎಂದು ಮೀರಿಯಮಾ ಹೆದರಿಸಿದಳು. ಟುಕಿ ಹೆದರಿದ್ದು ಡಾಕ್ಟರಿಗಲ್ಲ, ಬೆವ್‌ಗೆ.

ಆಮೇಲೆ ರಾಹೇರಾ ತನ್ನ ಕೈಯಲ್ಲಿದ್ದದ್ದನ್ನು ಮಾಡಿದಳು. ಬೆವ್‌ಳನ್ನು ಅಡುಗೆಮನೆಗೆ ಕರೆದು, ಇನ್ನು ಮೇಲೆ ಶೆಡ್ಡು ಮುಗಿದ ಸಂಜೆ ಊಟ ಮೊದಲು, ಕ್ರೇಟು ಆಮೇಲೆ, ಇಲ್ಲವಾದರೆ ಬೇರೆ ಅಡುಗೆಯವಳನ್ನು ನೋಡಿಕೋ ಎಂದಳು. ಬೆವ್ ಒಂದು ಚಹಾ ಮುಗಿಯುವವರೆಗೆ ಯೋಚಿಸಿದಳು. ಸೋಮವಾರ ಅರ್ಧ ತಂಡ ಹೆಣದಂತೆ ಬರುವುದು ಅವಳಿಗೂ ಸಾಕಾಗಿತ್ತು. ಕ್ರೇಟುಗಳನ್ನು ತನ್ನ ವ್ಯಾನಿನಲ್ಲಿಟ್ಟು ಬೀಗ ಹಾಕಿದಳು. ಗಂಡಸರು ಗೊಣಗಿದರು, ಒಬ್ಬ ಸಿಟ್ಟಿನಿಂದ ಬೇರೆ ತಂಡಕ್ಕೇ ಹೋದ. ಉಳಿದವರು ಉಂಡರು. ಬಿಸಿ ಮಾಂಸ, ಆಲೂಗಡ್ಡೆ, ಕಡುಬು ಹೊಟ್ಟೆಗಿಳಿದ ಮೇಲೆ ಕ್ರೇಟು ಮೊದಲಿನಂತೆ ಖಾಲಿಯಾಗಲಿಲ್ಲ. ಕೆಲವರು ಮೊದಲಿನಂತೆಯೇ ಕುಡಿದರು, ಕೆಲವರು ಉಂಡವರೇ ಮಕ್ಕಳು ಎಚ್ಚರವಿರುವಾಗಲೇ ಮನೆ ಸೇರೋಣವೆಂದು ಹೊರಟರು. ಟುಕಿ ಎರಡಕ್ಕೆ ನಿಲ್ಲಿಸಲು ಕಲಿತ. ಎಲ್ಲ ವಾರವೂ ಅಲ್ಲ.

ಹೆನಾರೆ ಮತ್ತೆ ಮುಟ್ಟಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾನೆ. ಅಲಗು ತಾಗಿದರೆ ರಕ್ತ ಬೇಗ ನಿಲ್ಲದ ಕಾರಣ ಕತ್ತರಿಸುವುದನ್ನು ಕಡಿಮೆ ಮಾಡಿ, ಹೊಸಬರಿಗೆ ಕುರಿಯನ್ನು ನೋಯಿಸದೆ ಹಿಡಿಯುವುದನ್ನು ಹೇಳಿಕೊಡುತ್ತಾನೆ. ಎದೆ ಎಂದಾದರೊಮ್ಮೆ ತಾಳ ತಪ್ಪುವುದುಂಟು, ಆಗ ಮುಚ್ಚಿಡದೆ ಹೇಳುತ್ತಾನೆ. ಹೊಸದಾಗಿ ಅವನಿಗೆ ದಕ್ಕಿದ್ದು ಭಾನುವಾರ. ಅಷ್ಟು ವರ್ಷ ಪರದೆ ಎಳೆದ ಕೋಣೆಯಲ್ಲಿ ಕಳೆದ ದಿನ ಅದು. ಮೊದಮೊದಲು ಬೆಳಗ್ಗೆ ಬೇಗ ಎದ್ದುಬಿಡುತ್ತಿದ್ದ, ಎದ್ದು ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ಅಡ್ಡಾಡುತ್ತಿದ್ದ.

ಒಂದು ಭಾನುವಾರ ರಾಹೇರಾ ಚೀಲ ಹಿಡಿದು ಹೊರಟಾಗ ತಾನೂ ಬರುತ್ತೇನೆಂದು ಕಾರು ಹತ್ತಿದ. ಅವಳು ರಸ್ತೆ ಬಿಟ್ಟು ಒಂದು ತೊರೆಯ ಬಳಿ ನಿಲ್ಲಿಸಿದಳು. ವಿಲೋ ಮರಗಳ ಕೆಳಗೆ ನೀರು ಸಣ್ಣಗೆ ಹರಿಯುತ್ತಿತ್ತು, ಅಂಚಿನಲ್ಲಿ ಸಾರಿಗೆ ಹಾಕುವ ನೀರುಸೊಪ್ಪು ದಟ್ಟವಾಗಿ ಬೆಳೆದಿತ್ತು. ಇಬ್ಬರೂ ಪ್ಯಾಂಟು ಮಡಚಿ ಇಳಿದು ಸೊಪ್ಪು ಕಿತ್ತರು. ಇಷ್ಟು ವರ್ಷ ಭಾನುವಾರ ಒಬ್ಬಳೇ ಏನು ಮಾಡುತ್ತಿದ್ದೆ ಎಂದು ಅವನು ಕೇಳಿದ.

"ಇಲ್ಲಿಗೆ ಬರ್ತಿದ್ದೆ."

"ಒಬ್ಬಳೇನಾ?"

"ಮತ್ತೆ? ನೀನು ಗೊರಕೆ ಹೊಡೀತಿದ್ದೆ. ಸೊಪ್ಪು ಕೀಳೋದು, ಆ ಕಲ್ಲಿನ ಮೇಲೆ ಕೂತ್ಕೊಂಡು ಒಂದು ರೊಟ್ಟಿ ತಿನ್ನೋದು. ಒಮ್ಮೊಮ್ಮೆ ಸಮುದ್ರದ ಕಡೆ ಹೋಗ್ತಿದ್ದೆ."

ಹೆನಾರೆ ಆ ಕಲ್ಲನ್ನು ನೋಡಿದ. ಮೇಲೆ ಹತ್ತಿ ಕೂತು ನೋಡಿದ. ಅಲ್ಲಿಂದ ತೊರೆಯ ತಿರುವು, ಆಚೆಯ ಹಸಿರು ಗುಡ್ಡ, ಬೋಳುಮೈಯ ಕುರಿಗಳು ಕಾಣುತ್ತಿದ್ದವು. ಅವನು ಕೆಳಗಿಳಿದು ನೀರು ತೊಟ್ಟಿಕ್ಕುವ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡ.

"ಇನ್ನೂ ಎಲ್ಲೆಲ್ಲಿಗೆ ಹೋಗ್ತಿದ್ದೆ, ಎಲ್ಲಾನೂ ತೋರ್ಸು," ಅಂದ.

ರಾಹೇರಾ ಕಾರನ್ನು ಮನೆಯ ಕಡೆ ತಿರುಗಿಸದೆ ಸಮುದ್ರದ ರಸ್ತೆ ಹಿಡಿದಳು.